ನೋಡೋದಷ್ಟೇ ಬಾಕಿ: ‘ಕೆಫೆ ಫ್ಲೆಶ್’ ಎಂಬ ಒಂದು ಪ್ರಕರಣ

ವೇದಿಕೆ ಮೇಲೆ ಏನೋ ನಡೆಯುತ್ತಿದೆ. ಕ್ಯಾಮೆರಾ ಅದನ್ನು ಬಿಟ್ಟು ಕೆಳಗೆ ಕೂತವರ ಕಡೆ ತಿರುಗುತ್ತದೆ. ಬಿಳಿಚಿಕೊಂಡ ಮುಖಗಳು, ನೆಟ್ಟ ನೋಟ, ಬೆವರು. ಯಾರೂ ನಗುತ್ತಿಲ್ಲ. ಯಾರೂ ಪಕ್ಕದವರನ್ನು ಮುಟ್ಟುತ್ತಿಲ್ಲ. ಕ್ಯಾಮೆರಾ ಮತ್ತೆ ವೇದಿಕೆಗೆ ಹೋಗುತ್ತದೆ, ಮತ್ತೆ ಈ ಮುಖಗಳಿಗೇ ಬರುತ್ತದೆ. ಸುಮಾರು ಒಂದೂಕಾಲು ಗಂಟೆಯ ಸಿನಿಮಾದಲ್ಲಿ ಹೀಗೆ ಎಷ್ಟು ಸಲ ಆಗುತ್ತದೆಂದರೆ, ಕೊನೆಗೆ ನೆನಪಲ್ಲಿ ಉಳಿಯೋದು ವೇದಿಕೆಯಲ್ಲ, ಆ ಮುಖಗಳು.

ಇದು 1982ರ ಅಮೆರಿಕನ್ ಸಿನಿಮಾ ‘ಕೆಫೆ ಫ್ಲೆಶ್’. ಯಾವ ಜಾತಿಯ ಸಿನಿಮಾ ಅಂತ ಕೇಳಿದರೆ ನೀಲಿಚಿತ್ರ ಅನ್ನಬೇಕು. ಕಥೆ ಏನು ಅಂತ ಕೇಳಿದರೆ ಅಣುಯುದ್ಧದ ನಂತರದ ಹಾಳು ಲೋಕದ ಕಥೆ ಅನ್ನಬೇಕು. ಎರಡೂ ನಿಜ. ಆದರೆ ಒಂದು ಇನ್ನೊಂದರ ಕಾಲೆಳೆಯುತ್ತಲೇ ಇರುತ್ತದೆ. ಪ್ರೇಕ್ಷಕ ಯಾವುದಕ್ಕೆ ದುಡ್ಡು ಕೊಟ್ಟು ಒಳಗೆ ಬಂದಿದ್ದಾನೋ, ಅದನ್ನೇ ಅವನಿಗೆ ನೆಮ್ಮದಿಯಾಗಿ ನೋಡಲು ಬಿಡದ ಸಿನಿಮಾ ಇದು. ಅದರ ವಯಸ್ಕರ ದೃಶ್ಯಗಳನ್ನು ವಿವರಿಸೋಕೆ ನಾನಿಲ್ಲಿ ಕೂತಿಲ್ಲ. ಕೈಯಲ್ಲಿ ಕಾಸಿಲ್ಲದ ಒಂದು ಗುಂಪು ಹಾಳು ಭವಿಷ್ಯವನ್ನು ಒಂದೇ ಕೋಣೆಯೊಳಗೆ ಹೇಗೆ ಕಟ್ಟಿತು, ಆಮೇಲೆ ವಿಡಿಯೋ ಕ್ಯಾಸೆಟ್ ಬಂದು ಆ ಕೋಣೆಯನ್ನು ಏನು ಮಾಡಿತು, ನನಗೆ ಬೇಕಾಗಿರೋದು ಅಷ್ಟು.

ಮೊದಲು ಕಥೆ. ಅಣುಯುದ್ಧ ಆಗಿಹೋಗಿದೆ. ಬದುಕಿ ಉಳಿದವರು ಅದಕ್ಕೆ ‘ನ್ಯೂಕ್ಲಿಯರ್ ಕಿಸ್’ ಅನ್ನುತ್ತಾರೆ. ಅಣುಬಾಂಬು ಕೊಟ್ಟ ಮುತ್ತು ಅಂತ. ಉಳಿದವರಲ್ಲಿ ನೂರಕ್ಕೆ 99 ಮಂದಿ ‘ನೆಗೆಟಿವ್’. ಅವರಿಗೆ ಆಸೆ ಸತ್ತಿಲ್ಲ, ಪ್ರೀತಿಯೂ ಇದೆ. ಆದರೆ ಇನ್ನೊಬ್ಬರ ಮೈ ಸೋಕಿದರೆ ಹೊಟ್ಟೆ ತೊಳಸಿ ಒದ್ದಾಡಿ ಹೋಗುತ್ತಾರೆ. ಮಿಕ್ಕ ನೂರಕ್ಕೆ ಒಬ್ಬರು ‘ಪಾಸಿಟಿವ್’. ಅವರಿಗೆ ಏನೂ ಆಗಿಲ್ಲ. ಏನೂ ಆಗಿಲ್ಲ ಅನ್ನೋದೇ ಅವರ ತಪ್ಪು. ಪಾಸಿಟಿವ್ ಆದವರೆಲ್ಲ ವೇದಿಕೆ ಹತ್ತಿ ನೆಗೆಟಿವ್‌ಗಳ ಮುಂದೆ ಪ್ರದರ್ಶನ ಕೊಡಬೇಕು, ಅದು ಕಾನೂನು. ಬಚ್ಚಿಟ್ಟುಕೊಂಡರೆ ಹುಡುಕಿ ಎಳೆದುಕೊಂಡು ಬರುತ್ತಾರೆ. ಹಾಗೆ ನಡೆಯೋ ಕ್ಲಬ್ಬಿನ ಹೆಸರೇ ಕೆಫೆ ಫ್ಲೆಶ್.

ನಿಕ್ ಮತ್ತು ಲಾನಾ ಆ ಕ್ಲಬ್ಬಿಗೆ ದಿನಾ ಬರುವ ಜೋಡಿ. ಇಬ್ಬರೂ ನೆಗೆಟಿವ್ ಅಂತ ಎಲ್ಲರೂ ನಂಬಿದ್ದಾರೆ. ನಿಕ್ ಹೌದು. ಲಾನಾ ಅಲ್ಲ. ಅವಳು ಪಾಸಿಟಿವ್, ನಿಕ್ ಮೇಲಿನ ಪ್ರೀತಿಗೆ ಅದನ್ನು ಮುಚ್ಚಿಟ್ಟಿದ್ದಾಳೆ. ಅವನು ಒದ್ದಾಡುವಾಗ ತಾನೂ ಒದ್ದಾಡಿದ ಹಾಗೆ ನಟಿಸುತ್ತಾಳೆ. ಇಡೀ ಸಿನಿಮಾದ ಎಳೆ ಇಷ್ಟೇ.

ಮೊದಲ ಸಲ ಈ ಕಥೆ ಕೇಳಿದ ಕನ್ನಡದ ಓದುಗರಿಗೆ ಥಟ್ಟನೆ ಯಾರು ನೆನಪಾಗುತ್ತಾರೆ ಹೇಳಿ? ಪಾಂಡು, ಅಲ್ವಾ. ಕಿಂದಮನ ಶಾಪ. ಹೆಂಡತಿಯನ್ನು ಕೂಡಿದರೆ ಸಾವು. ಪಂಪ 10ನೇ ಶತಮಾನದಲ್ಲೇ ವಸಂತ ಕಾಲದ ಕಾಡು, ಮಾದ್ರಿ, ಪಾಂಡು ಎಲ್ಲ ಇಟ್ಟು ಆ ಸಂಕಟವನ್ನು ಬರೆದಿಟ್ಟಿದ್ದಾನೆ. ಅಲ್ಲಿ ಶಾಪ ಒಬ್ಬನಿಗೆ, ಅದೂ ಅವನೇ ಬಿಟ್ಟ ಬಾಣದ ಫಲ. ಇಲ್ಲಿ ಊರಿಗೆ ಊರೇ ಪಾಂಡು. ಬಾಣ ಬಿಟ್ಟವರು ಯಾರೋ, ಶಾಪ ಹೊತ್ತವರು ಇನ್ಯಾರೋ. ಹಾಗಾಗಿ ಈ ಕಥೆ ನಮಗೆ ತೀರಾ ಪರದೇಶದ್ದು ಅನ್ನಿಸೋದಿಲ್ಲ. ಒಂದೇ ವ್ಯತ್ಯಾಸ, ಪಾಂಡುವಿಗೆ ಓಡಿಹೋಗಲು ಕಾಡಾದರೂ ಇತ್ತು.

ಮಾಡಿದವರು ಯಾರು

ನಿರ್ದೇಶಕನ ಹೆಸರು ತೆರೆಯ ಮೇಲೆ ‘ರಿನ್ಸ್ ಡ್ರೀಮ್’ ಅಂತ ಬರುತ್ತದೆ. ನಿಜವಾದ ಹೆಸರು ಸ್ಟೀಫನ್ ಸಯಾಡಿಯನ್. ಲ್ಯಾರಿ ಫ್ಲಿಂಟ್‌ನ ‘ಹಸ್ಲರ್’ ಅನ್ನೋ ವಯಸ್ಕರ ಪತ್ರಿಕೆಯಲ್ಲಿ ಜಾಹೀರಾತು, ತಮಾಷೆ ಪುಟಗಳ ವಿನ್ಯಾಸ ಮಾಡುತ್ತಿದ್ದವನು. ಜೊತೆಗೆ ಬರೆದವನು ‘ಹರ್ಬರ್ಟ್ ಡಬ್ಲ್ಯೂ. ಡೇ’, ಅಂದರೆ ಜೆರ್ರಿ ಸ್ಟಾಲ್. ಈತ ಮುಂದೆ ಟೀವಿ ಧಾರಾವಾಹಿಗಳಿಗೆ ಬರೆದ. ಹೆರಾಯಿನ್ ಚಟದಲ್ಲಿ ಮುಳುಗಿ ಎದ್ದ ತನ್ನ ಕಥೆಯನ್ನು ‘ಪರ್ಮನೆಂಟ್ ಮಿಡ್‌ನೈಟ್’ ಅಂತ 1995ರಲ್ಲಿ ಪುಸ್ತಕ ಮಾಡಿದ. 1998ರಲ್ಲಿ ಅದು ಸಿನಿಮಾ ಆಯಿತು, ಬೆನ್ ಸ್ಟಿಲ್ಲರ್ ನಾಯಕ. ಕ್ಯಾಮೆರಾ ಹಿಡಿದ ‘ಎಫ್.ಎಕ್ಸ್. ಪೋಪ್’ ಅಂದರೆ ಫ್ರಾನ್ಸಿಸ್ ಡೆಲಿಯಾ. ಇದೇ ಬಳಗ ಹಿಂದಿನ ವರ್ಷ, 1981ರಲ್ಲಿ, ‘ನೈಟ್‌ಡ್ರೀಮ್ಸ್’ ಅನ್ನೋ ಇನ್ನೊಂದು ವಿಚಿತ್ರ ಚಿತ್ರ ಮಾಡಿತ್ತು. ಅದಕ್ಕೆ ಡೆಲಿಯಾ ನಿರ್ದೇಶಕ.

ಸಂಗೀತ ಮಾತ್ರ ಅಸಲಿ ಹೆಸರಿನಲ್ಲೇ ಇದೆ. ಮಿಚೆಲ್ ಫ್ರೂಮ್. ಸಿಂಥಸೈಜರ್, ಜಾಜ್ ಎರಡನ್ನೂ ಬೆರೆಸಿದ ತಣ್ಣನೆಯ ಸಂಗೀತ. ಎರಡು ವರ್ಷ ಬಿಟ್ಟು, 1984ರಲ್ಲಿ, ಇದೇ ಸಂಗೀತದಿಂದ ‘ದಿ ಕೀ ಆಫ್ ಕೂಲ್’ ಅನ್ನೋ ಆಲ್ಬಂ ಹೊರತಂದ. ಇನ್ನೆರಡು ವರ್ಷಕ್ಕೆ ‘ಕ್ರೌಡೆಡ್ ಹೌಸ್’ ಅನ್ನೋ ರಾಕ್ ತಂಡದ ಮೊದಲ ಆಲ್ಬಂ ನಿರ್ಮಿಸಿ ದೊಡ್ಡ ಹೆಸರಾದ. ನೀಲಿಚಿತ್ರದ ಸಂಗೀತವನ್ನು ಅದರ ಚಿತ್ರವಿಲ್ಲದೆ ಸುಮ್ನೆ ಕೂತು ಕೇಳುವ ಪ್ರಸಂಗ ಎಷ್ಟು ಅಪರೂಪ ಅಂತ ಯೋಚಿಸಿ.

ಈ ಹೆಸರುಗಳನ್ನು ಹೇಳಿದ್ದಕ್ಕೆ ಕಾರಣ ಇದೆ. ಇವರು ಆ ಉದ್ಯಮದಲ್ಲೇ ಬೆಳೆದ ನಿರ್ದೇಶಕರಲ್ಲ. ಜಾಹೀರಾತು, ಪೋಸ್ಟರ್, ಫೋಟೊಗ್ರಫಿಯ ಕಡೆಯಿಂದ ಬಂದವರು. ಒಂದು ಚೌಕಟ್ಟಿನೊಳಗೆ ಕಮ್ಮಿ ಸಾಮಾನು ಇಟ್ಟು ಕಣ್ಣು ನಿಲ್ಲುವಂತೆ ಮಾಡೋದು ಅವರ ದಿನನಿತ್ಯದ ಕೆಲಸ. ಸಿನಿಮಾ ನೋಡಿದರೆ ಇದು ಗೊತ್ತಾಗುತ್ತದೆ. ಪ್ರತಿ ವೇದಿಕೆ ದೃಶ್ಯವೂ ಅಲುಗಾಡುವ ಪೋಸ್ಟರ್ ಥರ ಇದೆ.

ದುಡ್ಡಿಲ್ಲದ ಭವಿಷ್ಯ

ಸಿನಿಮಾದಲ್ಲಿ ಭವಿಷ್ಯ ತೋರಿಸೋದು ದುಬಾರಿ ಬಾಬತ್ತು. ಅದೇ 1982ರಲ್ಲಿ ಬಂದ ‘ಬ್ಲೇಡ್ ರನ್ನರ್’ಗೆ ಸುಮಾರು 3 ಕೋಟಿ ಡಾಲರ್ ಸುರಿದರು. ಮಳೆ, ನಿಯಾನ್, ಹಾರುವ ಕಾರು, ಕಿಕ್ಕಿರಿದ ಬೀದಿ. ಅಷ್ಟು ಇಲ್ಲದವರು ಎರವಲು ತರಬೇಕು. 1981ರ ‘ಎಸ್ಕೇಪ್ ಫ್ರಮ್ ನ್ಯೂಯಾರ್ಕ್’ನಲ್ಲಿ ಹಾಳುಬಿದ್ದ ನ್ಯೂಯಾರ್ಕ್ ಅಂತ ತೋರಿಸಿದ್ದರಲ್ಲಿ ಬಹಳಷ್ಟು ಸೇಂಟ್ ಲೂಯಿಸ್ ಅನ್ನೋ ಇನ್ನೊಂದು ಅಮೆರಿಕನ್ ಊರಿನ ಕಡೆಯದು. ಅಲ್ಲಿ ಬೆಂಕಿಗೆ ಸುಟ್ಟುಹೋದ ಬೀದಿಗಳು ಹಾಗೇ ಬಿದ್ದಿದ್ದವು. ಸೆಟ್ ಹಾಕುವ ಖರ್ಚು ಉಳಿಯಿತು. ಇನ್ನೂ ಹಿಂದೆ 1965ರಲ್ಲಿ ಫ್ರೆಂಚ್ ನಿರ್ದೇಶಕ ಗೊದಾರ್ ‘ಆಲ್ಫವಿಲ್’ಗೆ ಒಂದು ಸೆಟ್ಟೂ ಹಾಕದೆ ಆಗಿನ ಪ್ಯಾರಿಸ್ಸನ್ನೇ ರಾತ್ರಿ ಹೊತ್ತು ಚಿತ್ರೀಕರಿಸಿ ಇದೇ ಬೇರೆ ಗ್ರಹದ ನಗರ ಅಂದ. ಜನ ಒಪ್ಪಿಕೊಂಡರು.

‘ಕೆಫೆ ಫ್ಲೆಶ್’ ಕಟ್ಟಲೂ ಇಲ್ಲ, ಎರವಲೂ ತರಲಿಲ್ಲ. ಬಾಗಿಲು ಹಾಕಿಕೊಂಡು ಒಳಗೆ ಕೂತಿತು. ಹೊರಗಿನ ಲೋಕ ಹೇಗಿದೆ ಅಂತ ನಮಗೆ ಸರಿಯಾಗಿ ತೋರಿಸೋದೇ ಇಲ್ಲ. ಸುಟ್ಟ ನಗರ ಇಲ್ಲ, ಕುಸಿದ ಸೇತುವೆ ಇಲ್ಲ. ಶುರುವಿನಲ್ಲಿ ನಾಲ್ಕು ಮಾತಿನ ಪೀಠಿಕೆ, ಆಮೇಲೆ ಹೆಚ್ಚುಕಮ್ಮಿ ಪೂರ್ತಿ ಕ್ಲಬ್ಬು. ಒಂದು ವೇದಿಕೆ, ಕೆಲವು ಮೇಜು, ಹೊಗೆ, ಕತ್ತಲು. ನಮ್ಮ ಕಂಪನಿ ನಾಟಕಗಳಲ್ಲಿ ಒಂದೇ ಪರದೆಯನ್ನು ಅರಮನೆ ಅಂದರೆ ಅರಮನೆ, ಕಾಡು ಅಂದರೆ ಕಾಡು ಅಂತ ಒಪ್ಪಿಕೊಳ್ಳುತ್ತಿದ್ದೆವಲ್ಲ, ಅದೇ ಒಪ್ಪಂದ.

ಇಲ್ಲಿ ಒಂದು ಜಾಣತನ ಇದೆ. ಹೊರಗೆ ಹೋಗಲು ಸಿನಿಮಾದವರಿಗೆ ದುಡ್ಡಿಲ್ಲ. ಹೊರಗೆ ಹೋಗಲು ಪಾತ್ರಗಳಿಗೆ ಜಾಗವಿಲ್ಲ. ಎರಡೂ ಒಂದರ ಮೇಲೊಂದು ಸರಿಯಾಗಿ ಕೂತಿವೆ. ಬೇರೆ ಅಗ್ಗದ ವೈಜ್ಞಾನಿಕ ಚಿತ್ರಗಳು ಸೋಲೋದು ಇಲ್ಲಿಯೇ. ರಟ್ಟಿನ ರಾಕೆಟ್ ಮಾಡಿ ಆಕಾಶಕ್ಕೆ ಹೋಗುತ್ತವೆ, ದಾರ ಕಾಣಿಸುತ್ತದೆ, ಜನ ನಗುತ್ತಾರೆ. 1974ರ ‘ಫ್ಲೆಶ್ ಗಾರ್ಡನ್’ ಈ ನಗುವನ್ನೇ ಬಂಡವಾಳ ಮಾಡಿಕೊಂಡಿತು, ಅದು ಬೇರೆ ಮಾತು. ‘ಡೀಪ್ ಥ್ರೋಟ್’ ಅನ್ನೋ ಹೆಸರಾಂತ ನೀಲಿಚಿತ್ರ ಮಾಡಿದ ಜೆರಾರ್ಡ್ ಡಾಮಿಯಾನೋ ಕೂಡ ಇದೇ ಹೊತ್ತಿಗೆ ‘ದಿ ಸ್ಯಾಟಿಸ್‌ಫೈಯರ್ಸ್ ಆಫ್ ಆಲ್ಫಾ ಬ್ಲೂ’ ಅಂತ ಭವಿಷ್ಯದ ಕಥೆ ಮಾಡಿದ. ಅಲ್ಲಿ ಸುಖ ಬೇಕಾದಷ್ಟು ಸಿಗುತ್ತದೆ, ಪ್ರೀತಿ ಸಿಗಲ್ಲ. ಸಯಾಡಿಯನ್ ಇದನ್ನು ತಲೆಕೆಳಗು ಮಾಡಿದ. ಪ್ರೀತಿ ಇದೆ, ಮುಟ್ಟೋಕಾಗಲ್ಲ. ನನ್ನ ಲೆಕ್ಕದಲ್ಲಿ ಎರಡನೆಯದೇ ಜಾಸ್ತಿ ಚುಚ್ಚುತ್ತದೆ.

ಈಗ ಒಂದು ದೃಶ್ಯವನ್ನು ಹತ್ತಿರದಿಂದ ನೋಡೋಣ. ಆಫೀಸು. ಅಂದರೆ ಒಂದು ಮೇಜು, ಒಂದು ಟೈಪ್‌ರೈಟರ್. ಕಾರ್ಯದರ್ಶಿ ಕೂತಿದ್ದಾಳೆ. ಸಾಹೇಬನ ತಲೆಯ ಜಾಗದಲ್ಲಿ ಒಂದು ದೊಡ್ಡ ಪೆನ್ಸಿಲ್ಲು. ಅವಳು ಒಂದೇ ಮಾತನ್ನು ಮತ್ತೆ ಮತ್ತೆ ಕೇಳುತ್ತಾಳೆ: ಮೆಮೊ ಟೈಪ್ ಮಾಡಲಾ? ಮೆಮೊ ಟೈಪ್ ಮಾಡಲಾ? ದನಿಯಲ್ಲಿ ಏರಿಳಿತ ಇಲ್ಲ. ಗ್ರಾಮಫೋನ್ ಮುಳ್ಳು ಒಂದೇ ಗೆರೆಯಲ್ಲಿ ಸಿಕ್ಕಿಹಾಕಿಕೊಂಡ ಹಾಗೆ. ಆಮೇಲೆ ನಡೆಯೋದೆಲ್ಲ ಅದೇ ತಾಳಕ್ಕೆ, ಕೀಲಿಗೊಂಬೆಗಳ ಥರ. ಇನ್ನೊಂದು ದೃಶ್ಯದಲ್ಲಿ ಮನೆಯ ಹೆಂಗಸು, ಹಾಲು ತರುವವನು. ಹಳೇ ಪೋಲಿ ಜೋಕಿನ ಸರಕು ಅದು. ಆದರೆ ಇಲ್ಲಿ ಹಾಲಿನವನಿಗೆ ಇಲಿಯ ಮುಖ, ಇಲಿಯ ಬಾಲ. ಜೋಕು ಅಲ್ಲೇ ಒಣಗಿಹೋಗುತ್ತದೆ.

ಇದನ್ನು ಯೋಚಿಸಿದರೆ ಮಜಾ ಇದೆ. ಈ ಆಟಗಳನ್ನು ನೋಡುತ್ತಿರುವವರು ಯಾರು? ಆಫೀಸು, ಹಾಲಿನವನು, ಅಡುಗೆಮನೆ ಎಲ್ಲವನ್ನೂ ಕಳೆದುಕೊಂಡವರು. ಅವರ ಕಳೆದುಹೋದ ದಿನಚರಿಯೇ ವೇದಿಕೆಯ ಮೇಲೆ ಕೆಟ್ಟ ಕನಸಾಗಿ ವಾಪಸ್ಸು ಬರುತ್ತಿದೆ. ಯುದ್ಧಕ್ಕೆ ಮುಂಚಿನ ಲೋಕವನ್ನು ತೋರಿಸಲು ಫ್ಲ್ಯಾಷ್‌ಬ್ಯಾಕ್ ಬೇಕಾಗಲೇ ಇಲ್ಲ. ಒಂದು ಪೆನ್ಸಿಲ್ ತಲೆ ಸಾಕಾಯಿತು. ಆ ಪೆನ್ಸಿಲ್ಲಿಗೆ ಎಷ್ಟು ಖರ್ಚಾಗಿರಬಹುದು? ಒಂದಿಷ್ಟು ರಟ್ಟು, ಬಣ್ಣ.

ಮ್ಯಾಕ್ಸ್ ಎಂಬ ಬಾಯಿಬಡುಕ

ಕ್ಲಬ್ಬಿಗೆ ಒಬ್ಬ ನಿರೂಪಕ ಇದ್ದಾನೆ, ಮ್ಯಾಕ್ಸ್ ಮೆಲೋಡ್ರಮ್ಯಾಟಿಕ್. ಆಟ ಆಟದ ನಡುವೆ ಬರುತ್ತಾನೆ. ಒಂದು ಕಣ್ಣಿಂದ ನೋಡಿದರೆ ಬರ್ಲಿನ್ ಕ್ಯಾಬರೆಯ ಸೂತ್ರಧಾರ. ಇನ್ನೊಂದು ಕಣ್ಣಿಂದ ನೋಡಿದರೆ ನಮ್ಮ ಯಕ್ಷಗಾನದ ಹಾಸ್ಯಗಾರ, ಆದರೆ ಮನಸ್ಸಲ್ಲಿ ವಿಷ ತುಂಬಿಕೊಂಡವನು. ಅವನ ಕೆಲಸ ಪ್ರೇಕ್ಷಕರನ್ನು ನಗಿಸೋದಲ್ಲ, ಹಂಗಿಸೋದು. ನಿಮ್ಮ ಕೈಲಿ ಆಗೋದು ನೋಡೋದಷ್ಟೇ, ನೋಡಿ ಸಾಯಿರಿ ಅನ್ನೋ ಧಾಟಿ. ಅವನೂ ನೆಗೆಟಿವ್ವೇ. ಅದಕ್ಕೇ ಅವನ ಮಾತಿಗೆ ಅಷ್ಟು ಖಾರ.

1982ರಲ್ಲಿ ಈ ಮಾತುಗಳನ್ನು ಕೇಳಿಸಿಕೊಳ್ಳುತ್ತಿದ್ದವರು ಯಾರು? ಥಿಯೇಟರಿನ ಕತ್ತಲಲ್ಲಿ, ಒಬ್ಬರಿಂದ ಒಬ್ಬರು ಎರಡು ಸೀಟು ಬಿಟ್ಟು ಕೂತ ಗಂಡಸರು. ತೆರೆಯ ಮೇಲಿನ ಪ್ರೇಕ್ಷಕರು ಅವರದ್ದೇ ಪಡಿಯಚ್ಚು. ಬಂದಿರೋದು ನೋಡೋಕೆ, ಮುಟ್ಟೋಕಲ್ಲ. ಮುಖ ಕಾಣಿಸದಿರಲಿ ಅಂತ ಕತ್ತಲಲ್ಲಿ ಕೂತವನ ಎದುರಿಗೆ ಸಿನಿಮಾ ಕನ್ನಡಿ ಹಿಡಿದರೆ ಅವನಿಗೆ ಹೇಗಾಗಬೇಡ?

ನಮ್ಮ ಕಡೆ ಬೆಳಗಿನ ಆಟಕ್ಕೆ ಹೋಗಿ ‘ಬಿಟ್’ಗೆ, ಅಂದರೆ ನಡುವೆ ತುರುಕುತ್ತಿದ್ದ ನೀಲಿ ತುಣುಕಿಗೆ, ಕಾದು ಕೂತವರ ಕಥೆ ಗೊತ್ತಿರುವವರಿಗೆ ಇದು ಅರ್ಥವಾಗುತ್ತದೆ. ಅಲ್ಲಿ ಕಥೆ ಅನ್ನೋದು ಬಿಟ್ ಬರುವವರೆಗೆ ಸಹಿಸಿಕೊಳ್ಳಬೇಕಾದ ಕಾಟ. ಇಲ್ಲಿ ಕಥೆಯೇ ಎದ್ದು ಬಂದು, ಏನಪ್ಪಾ, ಕಾಯ್ತಾ ಇದೀಯಾ ಅಂತ ಕೇಳುತ್ತದೆ.

ಹಾಗಾಗಿ ಈ ಸಿನಿಮಾವನ್ನು ತಮ್ಮದು ಮಾಡಿಕೊಂಡವರು ಮಾಮೂಲಿ ಗಿರಾಕಿಗಳಲ್ಲ. ಮಧ್ಯರಾತ್ರಿ ಪ್ರದರ್ಶನದ ಹುಡುಗ ಹುಡುಗಿಯರು. 1970ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ಎಲ್ಜಿನ್ ಥಿಯೇಟರಿನಲ್ಲಿ ‘ಎಲ್ ತೋಪೊ’ ಹಾಕಿದಾಗಿನಿಂದ ಅಮೆರಿಕದ ದೊಡ್ಡ ಊರುಗಳಲ್ಲಿ ಈ ಚಟ ಬೆಳೆದಿತ್ತು. ಹಗಲು ಓಡದ ಸಿನಿಮಾ ರಾತ್ರಿ 12ಕ್ಕೆ ವಾರಗಟ್ಟಲೆ, ವರ್ಷಗಟ್ಟಲೆ ಓಡುತ್ತಿತ್ತು. ಪಂಕ್, ನ್ಯೂ ವೇವ್ ಸಂಗೀತ ಕೇಳುತ್ತಿದ್ದ ಜನ ಅವರು. ‘ಕೆಫೆ ಫ್ಲೆಶ್’ನ ಬಣ್ಣ, ಮೇಕಪ್ಪು, ಉಡುಪು ಎಲ್ಲ ಅವರ ಲೋಕದ್ದೇ. ಪ್ರೇಕ್ಷಕರ ಗುಂಪಿನಲ್ಲಿ ಹಾಸ್ಯನಟ ರಿಚರ್ಡ್ ಬೆಲ್ಜರ್ ಕೂಡ ಒಂದು ಕ್ಷಣ ಕಾಣಿಸಿಕೊಳ್ಳುತ್ತಾನೆ. ಮುಂದೆ ಟೀವಿಯಲ್ಲಿ ಪತ್ತೇದಾರನಾಗಿ ಮನೆಮಾತಾದವನು.

ಕಾನೂನಿನ ವ್ಯಂಗ್ಯ

ಸಿನಿಮಾದೊಳಗೆ ಸರ್ಕಾರ ಜನರನ್ನು ಬಲವಂತವಾಗಿ ವೇದಿಕೆ ಹತ್ತಿಸುತ್ತದೆ. ಹೊರಗೆ ಆಗುತ್ತಿದ್ದದ್ದು ನೇರ ಉಲ್ಟಾ. 1973ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ‘ಮಿಲ್ಲರ್’ ಪ್ರಕರಣದಲ್ಲಿ ಅಶ್ಲೀಲ ಅಂದರೇನು ಅನ್ನೋದಕ್ಕೆ ಅಳತೆಗೋಲು ಕೊಟ್ಟಿತ್ತು. ಅದರಲ್ಲಿ ಒಂದು, ಒಟ್ಟಾರೆ ಕೃತಿಗೆ ಸಾಹಿತ್ಯ, ಕಲೆ, ರಾಜಕೀಯ ಅಥವಾ ವಿಜ್ಞಾನದ ಗಂಭೀರ ಬೆಲೆ ಇದೆಯೇ ಅನ್ನೋದು. ಆ ಕಾಲದ ನೀಲಿಚಿತ್ರಗಳಲ್ಲಿ ಕಥೆ, ಸಂಭಾಷಣೆ ಅಂತ ಏನಾದರೂ ಇರುತ್ತಿದ್ದಕ್ಕೆ ಇದೂ ಒಂದು ಕಾರಣ. ಕೋರ್ಟಿಗೆ ಹೋದರೆ ತೋರಿಸಲು ಏನಾದರೂ ಬೇಕಲ್ಲ.

ಕ್ಯಾಲಿಫೋರ್ನಿಯಾದಲ್ಲಿ ಇನ್ನೊಂದು ಭಯ ಇತ್ತು. ನಟರಿಗೆ ಸಂಬಳ ಕೊಟ್ಟು ಇಂಥ ದೃಶ್ಯ ತೆಗೆದರೆ ವೇಶ್ಯಾವಾಟಿಕೆಗೆ ಜನ ಸೇರಿಸಿದ ಕೇಸು ಹಾಕಬಹುದಿತ್ತು. 1983ರಲ್ಲಿ ಹೆರಾಲ್ಡ್ ಫ್ರೀಮನ್ ಅನ್ನೋ ನಿರ್ಮಾಪಕನನ್ನು ಹೀಗೇ ಹಿಡಿದರು. 1988ರಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟು, ಸಿನಿಮಾಕ್ಕೆ ನಟರನ್ನು ಕೂಲಿಗೆ ಕರೆಯೋದು ಆ ಅಪರಾಧ ಅಲ್ಲ ಅಂತ ಬಿಟ್ಟುಬಿಟ್ಟಿತು. ಅಲ್ಲಿಯವರೆಗೆ ಎಲ್ಲರದ್ದೂ ಕಳ್ಳ ಹೆಜ್ಜೆ. ರಿನ್ಸ್ ಡ್ರೀಮ್, ಹರ್ಬರ್ಟ್ ಡೇ, ಪೋಪ್ ಅನ್ನೋ ಹೆಸರುಗಳು ಬರೀ ತಮಾಷೆಗೆ ಇಟ್ಟವಲ್ಲ ಅಂತ ಅನ್ನಿಸೋದು ಇದಕ್ಕೇ.

ಕ್ಯಾಸೆಟ್ ಬಂತು

ಈಗ ಪ್ರಕರಣದ ಮುಖ್ಯ ತಿರುವು. ಮನೆಯ ವಿಡಿಯೋ ಕ್ಯಾಸೆಟ್ಟಿನ ಎರಡು ನಮೂನೆಗಳು, ಸೋನಿ ಕಂಪನಿಯ ಬೀಟಾಮ್ಯಾಕ್ಸ್ 1975ರಲ್ಲಿ, ವಿಎಚ್‌ಎಸ್ 1976ರಲ್ಲಿ ಜಪಾನಿನಲ್ಲಿ ಬಂದವು. 1977ರ ಹೊತ್ತಿಗೆ ಅಮೆರಿಕದ ಅಂಗಡಿಗಳಲ್ಲಿ ಸಿನಿಮಾ ತುಂಬಿದ ಕ್ಯಾಸೆಟ್ ಸಿಗತೊಡಗಿತ್ತು. ದೊಡ್ಡ ಸ್ಟುಡಿಯೋಗಳು ಹಿಂದೆಮುಂದೆ ನೋಡುತ್ತಿದ್ದಾಗ ಕ್ಯಾಸೆಟ್ಟಿಗೆ ಧುಮುಕಿದವರಲ್ಲಿ ನೀಲಿಚಿತ್ರದವರು ಮುಂದು. ಮನೆಯಲ್ಲಿ ರೆಕಾರ್ಡ್ ಮಾಡಿಕೊಳ್ಳೋದು ತಪ್ಪಲ್ಲ ಅಂತ ಸುಪ್ರೀಂ ಕೋರ್ಟು ಸೋನಿ ಪರ ತೀರ್ಪು ಕೊಟ್ಟದ್ದು 1984ರ ಜನವರಿಯಲ್ಲಿ. ಅಷ್ಟರಲ್ಲಿ ಬಾಗಿಲು ಪೂರ್ತಿ ತೆರೆದಾಗಿತ್ತು.

ಕ್ಯಾಸೆಟ್ ಕಾಲ ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ನಮ್ಮೂರುಗಳಲ್ಲೂ ಟೀವಿ, ವಿಸಿಪಿ (ಕ್ಯಾಸೆಟ್ ಹಾಕುವ ಯಂತ್ರ) ಎರಡನ್ನೂ ಒಂದು ರಾತ್ರಿಗೆ ಬಾಡಿಗೆಗೆ ತಂದು ಮೂರು ಸಿನಿಮಾ ನೋಡಿ ಬೆಳಗಾಗುತ್ತಿತ್ತು. ಎಷ್ಟೋ ಕೈ ದಾಟಿ ಬಂದ ಕ್ಯಾಸೆಟ್ಟು. ತೆರೆಯ ತುಂಬ ಅಡ್ಡಗೆರೆ. ಹಾಡು ಬಂದರೆ ಯಾರೋ ಒಬ್ಬ ಓಡಿಸು ಓಡಿಸು ಅಂತ ಕೂಗುತ್ತಿದ್ದ. ಆ ಓಡಿಸುವ ಗುಂಡಿಯೇ ಇಲ್ಲಿ ಖಳನಾಯಕ.

ಯಾಕೆ ಅಂತೀರಾ? ಥಿಯೇಟರಿನಲ್ಲಿ ಮ್ಯಾಕ್ಸ್ ಬಂದು ಬೈಯಲು ಶುರು ಮಾಡಿದರೆ ಕೂತು ಬೈಸಿಕೊಳ್ಳಬೇಕು. ಎದ್ದು ಹೋದರೆ ದುಡ್ಡು ದಂಡ. ಮನೆಯಲ್ಲಿ ಗುಂಡಿ ಒತ್ತಿದರೆ ಮ್ಯಾಕ್ಸ್ ಇಲಿಮರಿಯಂತೆ ಆ ಕಡೆ ಈ ಕಡೆ ಓಡಾಡಿ ಮಾಯ. ಬಿಳಿಚಿದ ಮುಖಗಳೂ ಮಾಯ. ನಿಕ್ ಮತ್ತು ಲಾನಾರ ಸಂಕಟವೂ ಮಾಯ. ಉಳಿಯೋದು ಏನು? ಈ ಸಿನಿಮಾ ಯಾವುದನ್ನು ಅನುಮಾನದಿಂದ ನೋಡುತ್ತಿತ್ತೋ ಅದಷ್ಟೇ.

ಅದಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. ‘ಕೆಫೆ ಫ್ಲೆಶ್’ ಕಲ್ಪಿಸಿದ ನರಕದಲ್ಲಿ ಜನ ಒಟ್ಟಿಗೆ ಕೂತು ನೋಡುತ್ತಾರೆ. ಮುಟ್ಟೋಕೆ ಆಗದಿದ್ದರೂ ಮೇಜಿನ ಆ ಕಡೆ ಯಾರೋ ಇದ್ದಾರೆ. ಬೈಯುವುದಕ್ಕಾದರೂ ಒಬ್ಬ ಮ್ಯಾಕ್ಸ್ ಇದ್ದಾನೆ. ನಿಜವಾದ ಭವಿಷ್ಯದಲ್ಲಿ ಕ್ಲಬ್ಬೇ ಮುಚ್ಚಿಹೋಯಿತು. 80ರ ದಶಕದಲ್ಲಿ ಅಂಥ ಥಿಯೇಟರುಗಳು ಒಂದೊಂದಾಗಿ ಬಾಗಿಲು ಹಾಕಿದವು. ನೋಡುವವನು ಮನೆಯ ಸೋಫಾದ ಮೇಲೆ ಒಬ್ಬನೇ ಆದ. ತಮ್ಮದು ಅತಿ ಕೆಟ್ಟ ಭವಿಷ್ಯ ಅಂತ ಸಯಾಡಿಯನ್ ಮತ್ತು ಸ್ಟಾಲ್ ಅಂದುಕೊಂಡಿದ್ದರೆ, ಆ ಕ್ಲಬ್ಬು ಈಗ ಹಿಂತಿರುಗಿ ನೋಡಿದರೆ ಸ್ವಲ್ಪ ಸಂಸಾರದ ಮನೆಯಂತೇ ಕಾಣುತ್ತದೆ.

ಮಾಡುವ ರೀತಿಯೂ ಬದಲಾಯಿತು. ಫಿಲ್ಮ್ ರೀಲು, ಲ್ಯಾಬು, ಪ್ರಿಂಟು ಎಲ್ಲ ಖರ್ಚಿನ ಕೆಲಸ. ಅದಕ್ಕೆ ಯೋಚನೆ ಮಾಡಿ ತೆಗೆಯಬೇಕಿತ್ತು. ದಶಕದ ಮಧ್ಯದಿಂದ ಉದ್ಯಮ ವಿಡಿಯೋ ಕ್ಯಾಮೆರಾ ಕಡೆಗೆ ಜಾರಿತು. ಒಂದೆರಡು ದಿನದಲ್ಲಿ ಒಂದು ಕ್ಯಾಸೆಟ್ ಮುಗಿಸುವ ಕಾಲ. ಅಂಥ ಕಡೆ ಪೆನ್ಸಿಲ್ ತಲೆ ಮಾಡಿಸೋಕೆ ಯಾರಿಗೆ ಪುರುಸೊತ್ತು? ವಿಡಿಯೋದ ಚಪ್ಪಟೆ ಬೆಳಕಿನಲ್ಲಿ ಹೊಗೆ, ನೆರಳು ಕೂಡ ನಿಲ್ಲುವುದಿಲ್ಲ. ಅಗ್ಗ ಅನ್ನೋದು ಎರಡು ಥರ. ಕೈಯಲ್ಲಿ ಕಾಸಿಲ್ಲದೆ ತಲೆ ಓಡಿಸುವ ಅಗ್ಗ ಒಂದು. ತಲೆ ಓಡಿಸಿದರೂ ಮಾರಾಟದಲ್ಲಿ ವ್ಯತ್ಯಾಸ ಆಗಲ್ಲ ಅಂತ ಗೊತ್ತಾದ ಮೇಲಿನ ಅಗ್ಗ ಇನ್ನೊಂದು. ‘ಕೆಫೆ ಫ್ಲೆಶ್’ ಮೊದಲನೆಯದರ ಕೊನೆಯ ತುದಿಯಲ್ಲಿ ನಿಂತಿದೆ.

ಎರಡು ಪದಗಳು ಮಗುಚಿಕೊಂಡವು

ಈ ಸಿನಿಮಾದ ಬಗ್ಗೆ ಮಾತು ಬಂದಾಗೆಲ್ಲ ಯಾರಾದರೂ ಒಬ್ಬರು, ಇದು ಏಡ್ಸ್ ಬರುವ ಮುಂಚೆಯೇ ಏಡ್ಸ್ ಬಗ್ಗೆ ಹೇಳಿತ್ತು ಅನ್ನುತ್ತಾರೆ. ನನಗೆ ಈ ಭವಿಷ್ಯವಾಣಿಯ ಮಾತು ಅಷ್ಟಾಗಿ ಸೇರಲ್ಲ. ತಾರೀಖು ನೋಡಿ. ಲಾಸ್ ಏಂಜಲಿಸ್‌ನ ಐವರು ಯುವಕರ ವಿಚಿತ್ರ ನ್ಯುಮೋನಿಯಾ ಬಗ್ಗೆ ಅಮೆರಿಕದ ಆರೋಗ್ಯ ಇಲಾಖೆಯ ಮೊದಲ ವರದಿ ಬಂದದ್ದು 1981ರ ಜೂನ್ 5ಕ್ಕೆ. ಏಡ್ಸ್ ಅನ್ನೋ ಹೆಸರು ಇಲಾಖೆಯ ಬಾಯಲ್ಲಿ ಬಂದದ್ದು 1982ರ ಸೆಪ್ಟೆಂಬರಿನಲ್ಲಿ. ಸಿನಿಮಾ ಬರೆಯುವಾಗ ಇವರ ತಲೆಯಲ್ಲಿದ್ದದ್ದು ಬಾಂಬು. ರೇಗನ್ ಕಾಲ. ಅದೇ 1982ರ ಜೂನ್ 12ರಂದು ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಅಣ್ವಸ್ತ್ರ ಬೇಡ ಅಂತ ಸೇರಿದ ಜನ ಸುಮಾರು 10 ಲಕ್ಷ. ಬಾಂಬಿನ ಭಯ ಗಾಳಿಯಲ್ಲೇ ಇತ್ತು.

ಆದರೂ ಒಂದು ವಿಷಯ ಮೈ ಜುಮ್ಮೆನ್ನಿಸುತ್ತದೆ. ಸಿನಿಮಾದಲ್ಲಿ ಪಾಸಿಟಿವ್ ಅಂದರೆ ಆರೋಗ್ಯವಂತ, ಅದೃಷ್ಟವಂತ. ನೆಗೆಟಿವ್ ಅಂದರೆ ಪಾಪ, ಕೆಟ್ಟುಹೋದವನು. 1985ರ ಮಾರ್ಚಿನಲ್ಲಿ ಅಮೆರಿಕದಲ್ಲಿ ಆ ವೈರಸ್ಸಿನ ರಕ್ತಪರೀಕ್ಷೆಗೆ ಒಪ್ಪಿಗೆ ಸಿಕ್ಕಿತು. ಅವತ್ತಿನಿಂದ ಅದೇ ಎರಡು ಪದಗಳು ಮಗುಚಿಕೊಂಡವು. ಪಾಸಿಟಿವ್ ಅಂದರೆ ಎದೆ ಧಸಕ್ಕೆನ್ನುವ ಸುದ್ದಿ. ನೆಗೆಟಿವ್ ಅಂದರೆ ಬದುಕಿದೆಯಾ ಬಡಜೀವವೇ. 1986ರಲ್ಲಿ ಈ ಕ್ಯಾಸೆಟ್ ಹಾಕಿಕೊಂಡು ಕೂತವನಿಗೆ ಮೊದಲ ಐದು ನಿಮಿಷ ತಲೆ ಗಿರ್ರೆಂದಿರಬೇಕು. ಮೈ ಮುಟ್ಟಿದರೆ ಕಾಯಿಲೆ, ಜನರನ್ನು ರಕ್ತದ ಪ್ರಕಾರ ಎರಡು ಪಾಲು ಮಾಡೋದು, ಬಚ್ಚಿಟ್ಟವರನ್ನು ಹುಡುಕೋದು. ಬಾಂಬಿಗೆ ಹೊಲಿದ ಅಂಗಿ ಬೇರೆಯವರ ಮೈಗೆ ಸರಿಹೋಯಿತು. ಹೊಲಿದವರಿಗೆ ಅದರ ಅಂದಾಜೂ ಇರಲಿಲ್ಲ.

ಎಲ್ಲಿ ಎಡವಿತು

ಹೊಗಳಿದ್ದು ಸಾಕು. ಸಿನಿಮಾದಲ್ಲಿ ನನಗೆ ಕಸಿವಿಸಿ ಮಾಡುವ ಜಾಗವೂ ಇದೆ. ಕಾನೂನಿನ ಬಲವಂತದ ಮೇಲೆ ಕಥೆ ಕಟ್ಟಿದ್ದಾರೆ. ಹಾಗಿದ್ದರೆ ವೇದಿಕೆ ಹತ್ತಿದವರಿಗೆ ಏನು ಅನ್ನಿಸುತ್ತದೆ ಅಂತ ಕೇಳಬೇಕಿತ್ತು ತಾನೇ? ಕೇಳಲ್ಲ. ಜಾನಿ ರಿಕೊ ಅನ್ನೋ ಪಾಸಿಟಿವ್ ಗಂಡಸು ಬಂದರೆ ಊರ ಜಾತ್ರೆಗೆ ಪೈಲ್ವಾನ್ ಬಂದ ಹಾಗೆ ಎಲ್ಲರೂ ಬಾಯಿಬಿಟ್ಟು ನೋಡುತ್ತಾರೆ. ಹೊಸದಾಗಿ ಕ್ಲಬ್ಬಿಗೆ ಬಂದ ಏಂಜಲ್ ಅನ್ನೋ ಯುವತಿ ನೆಗೆಟಿವ್ ಅಂತ ಹೇಳಿಕೊಂಡು ಬದುಕಿರುತ್ತಾಳೆ, ಪಾಸಿಟಿವ್ ಅಂತ ಗೊತ್ತಾದ ತಕ್ಷಣ ಎಳೆದುಕೊಂಡು ಹೋಗುತ್ತಾರೆ. ಗಂಡಿಗೆ ಕೀರ್ತಿ, ಹೆಣ್ಣಿಗೆ ಬಂಧನ. ಈ ವ್ಯತ್ಯಾಸವನ್ನು ಸಿನಿಮಾ ತೋರಿಸುತ್ತದೆ, ಆದರೆ ಅದರ ಬಗ್ಗೆ ಯೋಚಿಸುವುದಿಲ್ಲ. ನೋಡುವವರ ನೋವಿಗೆ ಅಷ್ಟು ಹೊತ್ತು ಕೊಟ್ಟವರು, ನೋಡಿಸಿಕೊಳ್ಳುವವರ ನೋವಿಗೆ ಐದು ನಿಮಿಷ ಕೊಡಲಿಲ್ಲ. ಬರೆದವರು ನೋಡುವ ಕಡೆಯವರು ಅನ್ನೋದು ಇಲ್ಲಿ ಬಯಲಾಗುತ್ತದೆ.

ನಟನೆ ಬಗ್ಗೆ ಜಾಸ್ತಿ ಹೇಳಲ್ಲ. ಮ್ಯಾಕ್ಸ್ ಪಾತ್ರಧಾರಿ ಎಲ್ಲರನ್ನೂ ನುಂಗಿಹಾಕುತ್ತಾನೆ. ಲಾನಾ ಪಾತ್ರದ ನಟಿ ಹೆಸರು ‘ಪಿಯಾ ಸ್ನೋ’ ಅಂತ ಬರುತ್ತದೆ. ಮುಂದೆ ಮಿಶೆಲ್ ಬಾವರ್ ಅನ್ನೋ ಹೆಸರಿನಲ್ಲಿ 80ರ ದಶಕದ ಅಗ್ಗದ ಹಾರರ್ ವಿಡಿಯೋಗಳ ರಾಣಿಯಾದವಳು ಅವಳೇ. ಕೆಲವು ಕಡೆ ಮಾತು ಒಪ್ಪಿಸಿದ ಹಾಗಿದೆ. ಆದರೆ ಕೀಲಿಗೊಂಬೆಗಳ ಲೋಕದಲ್ಲಿ ಅದೂ ಒಂಥರಾ ಹೊಂದಿಕೊಂಡುಬಿಡುತ್ತದೆ.

ಸಯಾಡಿಯನ್ 1989ರಲ್ಲಿ ‘ಡಾ. ಕ್ಯಾಲಿಗರಿ’ ಮಾಡಿದ. ಅದೇ ಬಣ್ಣ, ಅದೇ ರಂಗದಂಥ ಸೆಟ್ಟು, ಅದೇ ತಿರುಗಿ ತಿರುಗಿ ಬರುವ ಮಾತು. ಅದು ನೀಲಿಚಿತ್ರವೂ ಅಲ್ಲ. ‘ಕೆಫೆ ಫ್ಲೆಶ್’ ಹೆಸರಿನಲ್ಲಿ 1997ರಲ್ಲಿ ಎರಡನೆಯದು, 2003ರಲ್ಲಿ ಮೂರನೆಯದು ಬಂದವು. ನಿರ್ದೇಶಕ ಬೇರೆ, ಆಂಟೊನಿಯೊ ಪಸೊಲಿನಿ. ಮೊದಲನೆಯದರ ಮಾತೇ ಜನರ ಬಾಯಲ್ಲಿ ಉಳಿಯಿತು.

ಇನ್ನು ಆ ಮೊದಲನೆಯದರ ಮುಕ್ತಾಯ. ಲಾನಾಳ ಗುಟ್ಟು ಒಡೆಯುತ್ತದೆ. ಯಾರೂ ಅವಳನ್ನು ಎಳೆದುಕೊಂಡು ಹೋಗಬೇಕಾಗಿ ಬರೋದಿಲ್ಲ. ಅವಳೇ ಏಳುತ್ತಾಳೆ. ಮೇಜುಗಳ ನಡುವೆ ನಡೆದು ವೇದಿಕೆ ಹತ್ತುತ್ತಾಳೆ, ಜಾನಿ ರಿಕೊ ಇರುವಲ್ಲಿಗೆ. ಫ್ರೂಮ್‌ನ ಸಂಗೀತ ಏರುತ್ತದೆ. ಕೆಳಗೆ ಕೂತ ಬಿಳಿಚಿದ ಮುಖಗಳಲ್ಲಿ ಈಗ ನಿಕ್‌ನದೂ ಒಂದು. ಇಷ್ಟು ದಿನ ಅವಳ ಪಕ್ಕ ಕೂತು ನೋಡುತ್ತಿದ್ದ. ಈಗ ಪಕ್ಕದ ಕುರ್ಚಿ ಖಾಲಿ.